ಟಿ.ವಿ. ಕಾರ್ಯಕ್ರಮ ಮಾಡುವುದನ್ನು ಕಾಲೇಜಿನಲ್ಲಿ ಹೇಗೆ ಕಲಿಸುತ್ತಾರೆ?



ಮಾಗಳದ ಕಡೆ ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿದ್ದಾಯಿತು, ಸಾಲದ ಕಂತು ಬರೆದದ್ದೂ ಆಯಿತು. ಆಗ ಒಬ್ಬ ತಾಯಿ ಕೇಳಿದರು: "ನನ್ನ ಮಗಳು ಪಿ.ಯು.ಸಿ. ಮುಗಿಸ್ಯಾಳ್ರೀ. ಮುಂದ ಟಿ.ವಿ. ಮಾಡೋದು ಕಲೀತೀನಿ ಅಂತಾಳ. ಅದನ್ನೂ ಕಾಲೇಜಿನಾಗ ಕಲಿಸ್ತಾರೇನ್ರೀ? ಅಂದ್ರ ರಿಪೇರಿ ಮಾಡೋದಾ?" ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತಿದ್ದ ಪ್ರತಿನಿಧಿ ಮಾತ್ರ ನಗಲಿಲ್ಲ. "ಫೀಜಿಗೆ ಸಂಘದಾಗ ಸಾಲ ಕೇಳ್ಯಾರ. ಕೊಡೋಣೋ ಬ್ಯಾಡೋ, ಅದನ್ನ ಹೇಳ್ರಿ ಮೊದಲು" ಅಂದರು.

ಈ ಎರಡು ಪ್ರಶ್ನೆಗೂ ಉತ್ತರ ಹೇಳಬೇಕಾದರೆ ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಅಂತ ತಿಳಿದಿರಬೇಕು. 'ಮಗಳ ಮುಖ ಟಿ.ವಿ.ಯಲ್ಲಿ ಬರ್ತದೆ' ಅಂತ ಹಿಗ್ಗಿ ಸಾಲ ಕೊಡುವುದೂ ಸರಿಯಲ್ಲ, 'ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ' ಅಂತ ತಳ್ಳಿಹಾಕುವುದೂ ಸರಿಯಲ್ಲ. ಅದಕ್ಕೇ ಈ ಸಲ ಇದನ್ನೇ ಬಿಡಿಸಿ ಬರೆಯುತ್ತಿದ್ದೇವೆ.

ರಿಪೇರಿ ಬೇರೆ, ಇದು ಬೇರೆ. ಪತ್ರಿಕೋದ್ಯಮ, ಸಮೂಹ ಸಂವಹನ ಎಂಬ ಹೆಸರಿನ ವಿಭಾಗಗಳಲ್ಲಿ ಕಲಿಸುವುದು ಟಿ.ವಿ. ಪೆಟ್ಟಿಗೆಯೊಳಗೆ ಕಾಣುವ ಸುದ್ದಿ, ಸಂದರ್ಶನ, ಕೃಷಿ ಕಾರ್ಯಕ್ರಮ, ಸಾಕ್ಷ್ಯಚಿತ್ರ ಇವನ್ನು ತಯಾರು ಮಾಡುವ ಕೆಲಸವನ್ನು. ಇದಕ್ಕೆ ಕಾರ್ಯಕ್ರಮ ನಿರ್ಮಾಣ ಅನ್ನುತ್ತಾರೆ. ನಾವು ಅರ್ಧ ಗಂಟೆ ಕೂತು ನೋಡುವ ಕಾರ್ಯಕ್ರಮದ ಹಿಂದೆ ಎಷ್ಟೋ ದಿನದ ದುಡಿಮೆ ಇರುತ್ತದೆ. ತೆರೆಯ ಮೇಲೆ ಕಾಣುವವರು ಒಬ್ಬರೋ ಇಬ್ಬರೋ, ಕಾಣದೆ ದುಡಿಯುವವರೇ ಹೆಚ್ಚು.

ಮೊದಲು ಕಾಗದ, ಆಮೇಲೆ ಕ್ಯಾಮೆರಾ

ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಕ್ಯಾಮೆರಾ ಹಿಡಿಯುವ ಆಸೆ. ಒಳ್ಳೆಯ ಶಿಕ್ಷಕರು ಮೊದಲು ಹಿಡಿಸುವುದು ಪೆನ್ನು. ಹಾಳೆಯ ನಡುವೆ ಒಂದು ಗೆರೆ ಎಳೆಸುತ್ತಾರೆ. ಎಡಗಡೆ ಕಣ್ಣಿಗೆ ಕಾಣುವುದನ್ನು ಬರೆಯಬೇಕು, ಬಲಗಡೆ ಕಿವಿಗೆ ಕೇಳುವುದನ್ನು. ಇದೇ ಸ್ಕ್ರಿಪ್ಟ್. ನಮ್ಮ ಸಂಘದ ಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯುವುದಿಲ್ಲವೇ, ಹಾಗೆಯೇ. ಎಡಗಡೆ ಖಾಲಿ ಇದ್ದು ಬಲಗಡೆ ಬರೀ ಮಾತೇ ತುಂಬಿದ್ದರೆ ಅದು ರೇಡಿಯೋ ಕಾರ್ಯಕ್ರಮ ಆಗುತ್ತದೆ, ಟಿ.ವಿ. ಆಗುವುದಿಲ್ಲ.

ನಮ್ಮ ಹಡಗಲಿ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಈ ಹೂವಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಇದರ ಮೇಲೆ 3 ನಿಮಿಷದ ಚಿತ್ರ ಮಾಡಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು ಅನ್ನಿ. ಮೊದಲ ಸಲ ಅವರು ಬರೆದು ತರುವುದು ಮಲ್ಲಿಗೆಯ ಇತಿಹಾಸ, ಪರಿಮಳ, ಹಬ್ಬ, ಮದುವೆ, ಮಾರುಕಟ್ಟೆ ಎಲ್ಲವನ್ನೂ. 3 ನಿಮಿಷದಲ್ಲಿ ಅದಷ್ಟೂ ಹಿಡಿಸುವುದಿಲ್ಲ. ಶಿಕ್ಷಕರು ಹೊಡೆದು ಹಾಕಿ, "ಒಂದೇ ಒಂದು ವಿಷಯ ಹಿಡಿರಿ" ಅನ್ನುತ್ತಾರೆ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಬಸ್ಸು ಹತ್ತುವವರೆಗೆ, ಅಷ್ಟು ಸಾಕು.

ಆಮೇಲೆ ಕ್ಯಾಮೆರಾ ಇಲ್ಲದೆ, ಬರಿಗೈಲಿ ತೋಟಕ್ಕೆ ಕಳಿಸುತ್ತಾರೆ. ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಬರುತ್ತಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಪಂಪ್‌ಸೆಟ್ಟಿನ ಸದ್ದು ಎಷ್ಟಿದೆ, ಹೂ ಬಿಡಿಸುವಾಗ ಕೈ ಹೇಗೆ ಆಡುತ್ತದೆ, ಯಾರು ಮಾತಾಡಲು ಒಪ್ಪುತ್ತಾರೆ, ಯಾರಿಗೆ ಇಷ್ಟವಿಲ್ಲ. ಇಷ್ಟನ್ನು ನೋಡಿ ಬರೆದುಕೊಂಡು ಬರಬೇಕು. ಕೋರ್ಸಿನಲ್ಲಿ ಅತಿ ಮುಖ್ಯವಾದ ಪಾಠ ಇದೇ ಎಂದು ನಮ್ಮ ಅನಿಸಿಕೆ. ನೋಡದೆ ಬರೆದವರು ತೋಟಕ್ಕೆ ಬಂದು ನಮ್ಮ ಕೈಯಲ್ಲಿ ನಾಟಕ ಮಾಡಿಸುತ್ತಾರೆ. "ಅಕ್ಕಾ, ಇನ್ನೊಂದ್ಸಲ ನಗ್ರಿ, ಬುಟ್ಟಿ ಎತ್ರಿ" ಅನ್ನುತ್ತಾ ಕೂಲಿ ಹೊತ್ತನ್ನೆಲ್ಲ ತಿಂದುಬಿಡುತ್ತಾರೆ.

ಇಲ್ಲಿಯೇ ಇನ್ನೊಂದು ಮಾತು. ವಿದ್ಯಾರ್ಥಿಗಳು ಬರೆದು ತಂದ ಹಾಳೆ ನೋಡಿ ಶಿಕ್ಷಕರು ಕೇಳಬೇಕಾದ ಪ್ರಶ್ನೆ: ಹೂವಿನ ಬಗ್ಗೆ ಎಲ್ಲಾ ಬರೆದಿದ್ದೀರಿ, ಹೂ ಬಿಡಿಸುವವಳಿಗೆ ಕೂಲಿ ಎಷ್ಟು ಅಂತ ಕೇಳಿದಿರಾ? ದರ ಇಳಿದ ದಿನ ನಷ್ಟ ಯಾರಿಗೆ? ತೋಟದ ಯಜಮಾನರು ಎರಡು ನಿಮಿಷ ಮಾತಾಡಿ, ಹೂ ಬಿಡಿಸುವವಳು ಬರೀ ಕೈ ಆಡಿಸುತ್ತಾ ಹಿಂದೆ ನಿಂತರೆ ಚಿತ್ರ ಚಂದ ಕಾಣಬಹುದು, ಆದರೆ ಅರ್ಧ ಸತ್ಯ. ಈ ಪ್ರಶ್ನೆ ಕೇಳುವ ಶಿಕ್ಷಕರಿರುವ ಕಾಲೇಜು ಒಳ್ಳೆಯ ಕಾಲೇಜು.

ನೋಡುವುದನ್ನು ಕಲಿಯುವುದು

ಕ್ಯಾಮೆರಾ ಕೈಗೆ ಬಂದ ಮೇಲೆ ಕಲಿಸುವ ಮೊದಲ ಪಾಠ ದೂರ, ನಡು, ಹತ್ತಿರ. ಇಡೀ ತೋಟ ಕಂಡರೆ ಅದು ಲಾಂಗ್ ಶಾಟ್. ಸೊಂಟದಿಂದ ಮೇಲೆ ಒಬ್ಬ ಹೆಣ್ಣುಮಗಳು ಕಂಡರೆ ಮಿಡ್ ಶಾಟ್. ಬೆರಳು, ಮೊಗ್ಗು ಎರಡೇ ಕಂಡರೆ ಕ್ಲೋಸಪ್. ಮೂರನ್ನೂ ಸರಿಯಾಗಿ ಜೋಡಿಸಿದರೆ ನೋಡುವವರಿಗೆ ತಾವೇ ತೋಟದೊಳಗೆ ನಡೆದುಕೊಂಡು ಹೋದ ಹಾಗೆ ಅನ್ನಿಸುತ್ತದೆ. ನಮ್ಮ ಟಿ.ವಿ.ಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಹಾದುಹೋಗುತ್ತವೆ. 3 ನಿಮಿಷಕ್ಕೆ 4,500 ಆಯಿತು. ಒಂದೊಂದು ಶಾಟ್ 5 ಸೆಕೆಂಡು ಅಂತ ಇಟ್ಟುಕೊಂಡರೆ 36 ಶಾಟ್ ಬೇಕು. 36 ಸಲ ಕ್ಯಾಮೆರಾ ಎಲ್ಲಿಡಬೇಕು, ಯಾಕೆ ಇಡಬೇಕು ಅಂತ ಯೋಚನೆ ಮಾಡಬೇಕು. ಸುಮ್ಮನೆ ಒತ್ತಿ ಹಿಡಿದುಕೊಂಡರೆ ಆಗುವುದಿಲ್ಲ.

ಕ್ಯಾಮೆರಾ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎನ್ನುವುದೂ ಒಂದು ಮಾತು ಹೇಳುತ್ತದೆ. ಬೀದರಿನ ಪಕ್ಕದ ಜಹೀರಾಬಾದಿನ ಹತ್ತಿರ, ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಇದೆ. ಅಲ್ಲಿಯ ಸಂಘಗಳ ದಲಿತ ರೈತ ಮಹಿಳೆಯರು 1990ರ ದಶಕದ ಕೊನೆಯಲ್ಲಿ ವಿಡಿಯೋ ಕಲಿತರು. ಅವರಿಗೆ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ, ತಮ್ಮವೇ ಹೆಸರು ಇಟ್ಟುಕೊಂಡರು. ಮೇಲಿನಿಂದ, ಕೆಳಗಿನಿಂದ ಹಿಡಿಯುವ ಶಾಟ್‌ಗಳಿಗೆ ಊರಿನ ಪಟೇಲ, ಜೀತದಾಳು ಇವರ ನೋಟದ ಹೆಸರು ಬಂತು. ಎದುರುಬದುರು ಕಣ್ಣಿನ ಮಟ್ಟದಲ್ಲಿ ಹಿಡಿಯುವುದಕ್ಕೆ ಅವರಿಟ್ಟ ಹೆಸರು 'ಸಂಘಂ ಶಾಟ್'. ಸಂಘದಲ್ಲಿ ಎಲ್ಲರೂ ಚಾಪೆಯ ಮೇಲೆ ಸಮನಾಗಿ ಕೂರುತ್ತೇವಲ್ಲ, ಅದಕ್ಕೆ. ದೊಡ್ಡ ದೊಡ್ಡ ಪುಸ್ತಕದಲ್ಲಿ ಹತ್ತು ಪುಟ ಬರೆದದ್ದನ್ನು ಆ ತಾಯಂದಿರು ಎರಡು ಮಾತಿನಲ್ಲಿ ಮುಗಿಸಿದ್ದಾರೆ. ಕಾಲೇಜಿನ ಮಕ್ಕಳಿಗೂ ಇದನ್ನು ಹೀಗೇ ಹೇಳಿಕೊಡಬಹುದು.

ಬೆಳಕಿನ ಪಾಠಕ್ಕೆ ಮಾಗಳದ ಹಳೆಯ ಕಲ್ಲಿನ ಗುಡಿ ಸಾಕು. ಒಳಗೆ ಕತ್ತಲೆ, ಹೊರಗೆ ಉರಿಬಿಸಿಲು. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅದು ಕಷ್ಟ. ಕಂಬ ಕಾಣುವ ಹಾಗೆ ಮಾಡಿದರೆ ಬಾಗಿಲಾಚೆ ಬರೀ ಬಿಳುಪು, ಬಾಗಿಲಾಚೆ ಸರಿಮಾಡಿದರೆ ಕಂಬ ಕಪ್ಪು. ಇದಕ್ಕೆ ದುಬಾರಿ ಲೈಟೇ ಬೇಕು ಅಂತೇನಿಲ್ಲ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಎಂಬ ಛಾಯಾಗ್ರಾಹಕರು 1959ರ 'ಕಾಗಜ್ ಕೆ ಫೂಲ್' ಹಿಂದಿ ಚಿತ್ರದ ಒಂದು ಹಾಡಿಗೆ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿದರು. ಆ ಬೆಳಕಿನ ಕೋಲನ್ನು ಇಂದಿಗೂ ಪಾಠ ಮಾಡುತ್ತಾರೆ. ಅವರು ಕಲಿತದ್ದು ಬೆಂಗಳೂರಿನ ಸರ್ಕಾರಿ ಸಂಸ್ಥೆಯಲ್ಲಿ, 1946ರಲ್ಲಿ ಡಿಪ್ಲೊಮಾ ಪಡೆದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದರೂ ವಿದ್ಯಾರ್ಥಿಗಳು ಹೆಚ್ಚು ಮರೆಯುವುದು ಧ್ವನಿಯನ್ನೇ. ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕಿಗೆ ಬಳೆ, ತಾಳಿಸರ ತಾಗಿದರೆ ಸಾಕು, ಇಡೀ ಸಂದರ್ಶನದಲ್ಲಿ ಕಿಣಿಕಿಣಿ. ಗಾಳಿ ಬೀಸಿದರೆ ಬರೀ ಬುಸುಬುಸು. ಅದಕ್ಕೇ ಶಿಕ್ಷಕರು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳದೆ ಯಾರೂ ಧ್ವನಿಮುದ್ರಣ ಮಾಡಬಾರದು ಅಂತ ಕಟ್ಟುನಿಟ್ಟು ಮಾಡುತ್ತಾರೆ.

ಸ್ಟುಡಿಯೋ ಎಂಬ ಸಂಘ

ಸ್ಟುಡಿಯೋದೊಳಗೆ ಎರಡು ಮೂರು ಕ್ಯಾಮೆರಾ ಇರುತ್ತವೆ. ಪಕ್ಕದ ಕೋಣೆಯಲ್ಲಿ ನಿರ್ದೇಶಕರು ಎಲ್ಲಾ ಕ್ಯಾಮೆರಾದ ಚಿತ್ರವನ್ನು ಒಟ್ಟಿಗೆ ನೋಡುತ್ತಾ "ಎರಡನೇ ಕ್ಯಾಮೆರಾ ತಗೊಳ್ಳಿ" ಅನ್ನುತ್ತಾರೆ. ಒಬ್ಬರು ಗುಂಡಿ ಒತ್ತುತ್ತಾರೆ, ಇನ್ನೊಬ್ಬರು ಧ್ವನಿ ಹಿಡಿದು ಕೂತಿರುತ್ತಾರೆ. ಒಳಗಿರುವ ಫ್ಲೋರ್ ಮ್ಯಾನೇಜರ್ ಬಾಯಿ ತೆಗೆಯುವಂತಿಲ್ಲ, ಕೈಸನ್ನೆಯಲ್ಲೇ "ಇನ್ನು ಒಂದು ನಿಮಿಷ", "ಮುಗಿಸಿ" ಅಂತ ಹೇಳಬೇಕು. ಒಬ್ಬರು ತಪ್ಪಿದರೆ ಎಲ್ಲರ ಕೆಲಸ ಕೆಟ್ಟಿತು. ಒಳ್ಳೆಯ ಕಡೆ ಈ ಕೆಲಸಗಳನ್ನು ವಾರ ವಾರ ಬದಲಾಯಿಸುತ್ತಾರೆ, ಸಂಘದಲ್ಲಿ ಪ್ರತಿನಿಧಿಗಳನ್ನು ಬದಲಾಯಿಸುವ ಹಾಗೆ. ಹುಡುಗರು ಕ್ಯಾಮೆರಾ ಹಿಡಿಯುವುದು, ಹುಡುಗಿಯರು ಪೌಡರ್ ಹಚ್ಚಿಕೊಂಡು ಓದುವುದು ಅಂತ ಹಂಚಿಬಿಟ್ಟರೆ ಹುಡುಗಿ ಪೂರ್ತಿ ಶುಲ್ಕ ಕಟ್ಟಿ ಅರ್ಧ ವಿದ್ಯೆ ಕಲಿತ ಹಾಗೆ. ಕೆಲವು ಕಡೆ ಹೀಗೆ ಆಗುತ್ತದೆ. ಕ್ಯಾಮೆರಾ ಭಾರ ಅನ್ನುವ ನೆಪ ಈಗ ನಡೆಯುವುದಿಲ್ಲ. ಒಂದು ಕೊಡ ನೀರಿನ ಭಾರವೂ ಅದಕ್ಕಿಲ್ಲ.

ನೇರಪ್ರಸಾರದ ಪಾಠಕ್ಕೆ ನಮ್ಮ ತಾಲ್ಲೂಕಿನ ಮೈಲಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಕಾರಣಿಕ ಒಂದೇ ಸಾಲು. ನುಡಿದ ಮರುಕ್ಷಣ ಅವರು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾರೆ. "ಸ್ವಾಮಿ, ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹೇಳಿ" ಅನ್ನುವಂತಿಲ್ಲ! ಮೈಕು ಎಲ್ಲಿರಬೇಕು, ಯಾವ ಕ್ಯಾಮೆರಾ ಬಿಲ್ಲಿನ ಮೇಲೆ, ಯಾವುದು ಜನರ ಮುಖದ ಮೇಲೆ, ಮುಂದೆ ಕೈ ಎತ್ತುವವರು ಅಡ್ಡ ಬಂದರೆ ಏನು ಗತಿ, ಎಲ್ಲವೂ ಮೊದಲೇ ತೀರ್ಮಾನ ಆಗಿರಬೇಕು.

ಕತ್ತರಿ ಯಾರ ಕೈಯಲ್ಲಿ

ಹಿಡಿದು ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ಸಂಕಲನ, ಅಂದರೆ ಎಡಿಟಿಂಗ್. ಹಿಂದೆ ಟೇಪಿನಿಂದ ಟೇಪಿಗೆ ಇಳಿಸುತ್ತಾ ಮಾಡುತ್ತಿದ್ದರು, ಒಂದು ಕಡೆ ತಪ್ಪಿದರೆ ಮುಂದಿನದೆಲ್ಲಾ ಮತ್ತೆ ಮಾಡಬೇಕಿತ್ತು. ಈಗ ಸುಲಭ. ಸುಲಭವಾದಷ್ಟೂ ಜವಾಬ್ದಾರಿ ಹೆಚ್ಚು. ನಾವು ನೋಡಿದ ಒಂದು ಸಂಗತಿ ಹೇಳುತ್ತೇವೆ. ಹಿಂದೊಮ್ಮೆ ಒಂದು ಸಂಘಕ್ಕೆ ಕ್ಯಾಮೆರಾದವರು ಬಂದಿದ್ದರು. ಸದಸ್ಯೆಯರು ಎರಡು ತಾಸು ಮಾತಾಡಿದರು. ಬ್ಯಾಂಕ್ ಸಾಲ ತೀರಿಸಿದ್ದು, ಎಮ್ಮೆ ಕೊಂಡದ್ದು, ಸಾರಾಯಿ ವಿರುದ್ಧ ನಿಂತದ್ದು ಎಲ್ಲಾ ಹೇಳಿದರು. ನಡುವೆ ಒಬ್ಬರು ತೀರಿಹೋದ ಗಂಡನನ್ನು ನೆನೆದು ಕಣ್ಣೊರೆಸಿಕೊಂಡರು. ಟಿ.ವಿ.ಯಲ್ಲಿ ಬಂದದ್ದು ಅದೊಂದೇ, ಹಿಂದೆ ದುಃಖದ ಸಂಗೀತ ಬೇರೆ. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಕತ್ತರಿಸಿದ ರೀತಿಯೇ ಸುಳ್ಳಾಗಿತ್ತು. ಆ ತಾಯಿ ವಾರಗಟ್ಟಲೆ ಮನೆ ಬಿಟ್ಟು ಹೊರಗೆ ಬರಲಿಲ್ಲ.

ಇಂಥ ಸಂಕಲನ ಮಾಡಬಾರದು ಅಂತ ಎಲ್ಲಿ ಕಲಿಸಬೇಕು? ತರಗತಿಯಲ್ಲೇ. ಮಾಡಿದ ಚಿತ್ರವನ್ನು ಮೊದಲು ಆ ಜನರಿಗೇ ತೋರಿಸಿ, ಅವರ ಮಾತು ಕೇಳಿ, ಆಮೇಲೆ ಅಂಕ ಕೊಡುವ ಪದ್ಧತಿ ಇಟ್ಟರೆ ಮಕ್ಕಳು ತಾವಾಗಿಯೇ ಎಚ್ಚರ ಕಲಿಯುತ್ತಾರೆ.

ನಮ್ಮ ನಾಡಿನಲ್ಲಿ ಇದು ಬೆಳೆದ ಬಗೆ

ನಾವು ಮೇಲೆ ಹೇಳಿದ ಬೆಂಗಳೂರಿನ ಸಂಸ್ಥೆಯಲ್ಲಿ ಛಾಯಾಗ್ರಹಣ, ಧ್ವನಿಗ್ರಹಣ ಕಲಿಸಲು ಶುರುಮಾಡಿದ್ದು 1943ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ. ಇವತ್ತು ಅದು ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಹಳ್ಳಿಗೆ ಟಿ.ವಿ. ಬಂದದ್ದು ಬಹಳ ತಡವಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲೆ ಪಾಠದ ಕಾರ್ಯಕ್ರಮ ತೋರಿಸಿದರು. 'ಸೈಟ್' ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ರಾಯಚೂರು ಅಂದರೆ ಆಗ ಕೊಪ್ಪಳವೂ ಸೇರಿತ್ತು. ಆಗಿನ ನಮ್ಮ ಬಳ್ಳಾರಿ ಜಿಲ್ಲೆ ಇರಲಿಲ್ಲ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ.

1984ರ ಆಗಸ್ಟ್ 15ರಿಂದ ಯು.ಜಿ.ಸಿ.ಯವರು ಕಾಲೇಜು ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ ಪಾಠದ ಕಾರ್ಯಕ್ರಮ ಆರಂಭಿಸಿದರು. ಅದಕ್ಕಾಗಿ ವಿಶ್ವವಿದ್ಯಾಲಯಗಳಲ್ಲಿ ಸ್ಟುಡಿಯೋ ಇರುವ ಕೇಂದ್ರಗಳು ಬಂದವು. ನಮ್ಮ ರಾಜ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಂಥ ಕೇಂದ್ರವಿದೆ. ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರಿಗೆ ಧೈರ್ಯ ಬರುವ ಜಾಗ ವಿಜಯಪುರ. ಅಲ್ಲಿ 2003ರಲ್ಲಿ ಮಹಿಳೆಯರಿಗೆಂದೇ ಶುರುವಾದ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿ ಹೆಸರಿನಲ್ಲಿದೆ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗ ಅಲ್ಲುಂಟು. ಅಲ್ಲಿ ಓದುವವರೆಲ್ಲ ಹುಡುಗಿಯರೇ. ಕ್ಯಾಮೆರಾ ಹಿಡಿಯುವವಳೂ ಹುಡುಗಿ, ಟ್ರೈಪಾಡ್ ಹೊರುವವಳೂ ಹುಡುಗಿ.

ಓದು ಬರದವರು ಇದನ್ನು ಕಲಿಯಲಾರರು ಅಂತಲೂ ಇಲ್ಲ. ಅಹಮದಾಬಾದಿನಲ್ಲಿ ಇಳಾ ಭಟ್ಟರು ಕಟ್ಟಿದ 'ಸೇವಾ' ಸಂಘದ ಸುಮಾರು 20 ಹೆಣ್ಣುಮಕ್ಕಳು 1984ರಲ್ಲೇ ಮೂರು ವಾರ ವಿಡಿಯೋ ತರಬೇತಿ ಪಡೆದರು. ತರಕಾರಿ ಮಾರುವವರು, ಕೂಲಿಯವರು, ಸಹಿ ಮಾಡಲು ಬಾರದವರೂ ಅವರಲ್ಲಿದ್ದರು. ಟೇಪಿನ ಮೇಲೆ ಬರೆದದ್ದು ಓದಲು ಬಾರದಿದ್ದರೆ ಏನಾಯಿತು, ಯಾವ ಚಿತ್ರ ಎಲ್ಲಿದೆ ಅಂತ ತಲೆಯಲ್ಲೇ ಇಟ್ಟುಕೊಂಡು ಕೆಲಸ ಮಾಡಿದರು. ತಮ್ಮ ಮಾರುಕಟ್ಟೆಯ ತೊಂದರೆಯನ್ನು ತಾವೇ ಚಿತ್ರ ಮಾಡಿ ತೋರಿಸಿದರು.

ಸಾಲ ಕೊಡುವ ಮೊದಲು

ಈಗ ಪ್ರತಿನಿಧಿಯವರ ಪ್ರಶ್ನೆಗೆ ಬರೋಣ. ಬಿ.ಎ.ಯಲ್ಲಿ ಪತ್ರಿಕೋದ್ಯಮ ಒಂದು ವಿಷಯವಾಗಿ ಸರ್ಕಾರಿ ಕಾಲೇಜಿನಲ್ಲಿ ಸಿಗುವುದಾದರೆ ಖರ್ಚು ಕಡಿಮೆ, ಅಲ್ಲಿಗೆ ಕಳಿಸಲು ಹೆಚ್ಚು ಯೋಚನೆ ಬೇಡ. ವಿದ್ಯಾರ್ಥಿವೇತನಕ್ಕೂ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ತೊಂದರೆ ಇರುವುದು ಪಟ್ಟಣಗಳ ಕೆಲವು ಖಾಸಗಿ ತರಬೇತಿಗಳಲ್ಲಿ. ಆರು ತಿಂಗಳು, ದೊಡ್ಡ ಶುಲ್ಕ, ಗೋಡೆಯ ತುಂಬಾ ನಿರೂಪಕಿಯರ ಫೋಟೋ. ತಾಯಿ ಮಗಳು ಒಟ್ಟಿಗೆ ಹೋಗಿ ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಕ್ಯಾಮೆರಾ ಅಂತ ಕೇಳಿ. 60 ಮಕ್ಕಳಿಗೆ ಒಂದೇ ಕ್ಯಾಮೆರಾ ಇದ್ದರೆ ನಿಮ್ಮ ಮಗಳಿಗೆ ಅದು ಸಿಗುವುದು ಯಾವಾಗ? ಹೋದ ವರ್ಷದ ಮಕ್ಕಳು ಮಾಡಿದ ಚಿತ್ರ ಹಾಕಿ ತೋರಿಸಿ ಅನ್ನಿ. ತೋರಿಸಲು ಹಿಂಜರಿದರೆ ಅಲ್ಲೇ ತಿಳಿದುಕೊಳ್ಳಿ. ಕೊಡುವ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ್ದು, ಹಾಸ್ಟೆಲ್ ಎಲ್ಲಿ, ರಾತ್ರಿ ಚಿತ್ರೀಕರಣ ಇದ್ದರೆ ಯಾರು ಜವಾಬ್ದಾರಿ, ಎಲ್ಲಾ ಕೇಳಿ. ಶುಲ್ಕ ಒಂದೇ ಸಲ ಕಟ್ಟಬೇಡಿ, ಕಟ್ಟಿದ್ದಕ್ಕೆ ರಸೀದಿ ಬಿಡಬೇಡಿ.

ಕೆಲಸದ ಬಗ್ಗೆಯೂ ನೇರವಾಗಿ ಹೇಳಬೇಕು. ಸುದ್ದಿ ಓದುವ ಕುರ್ಚಿ ಎಷ್ಟು ಮಂದಿಗೆ ಸಿಗುತ್ತದೆ? ಬಹಳ ಕಡಿಮೆ. ಹೆಚ್ಚು ಕೆಲಸ ಇರುವುದು ಸಂಕಲನ, ಕ್ಯಾಮೆರಾ, ಧ್ವನಿ, ಬರವಣಿಗೆಯಲ್ಲಿ. ಮೊದಮೊದಲು ಸಂಬಳ ಕಡಿಮೆ, ಹೊತ್ತುಗೊತ್ತಿಲ್ಲದ ದುಡಿಮೆ. ಸಂಕಲನ ಚೆನ್ನಾಗಿ ಬಂದವಳು ಊರಿನ ಹತ್ತಿರವೇ ಮದುವೆ, ಸಮಾರಂಭದ ವಿಡಿಯೋ ಮಾಡಿಯಾದರೂ ಕೈಗೆ ಕಾಸು ನೋಡಬಹುದು. ಮಗಳಿಗೆ ನಿಜವಾಗಿ ಆಸಕ್ತಿ ಇದೆಯೋ ಇಲ್ಲವೋ ಅಂತ ನೋಡಲು ದುಡ್ಡೇ ಬೇಡ. ಮನೆಯಲ್ಲಿರುವ ಮೊಬೈಲ್ ಕೊಟ್ಟು, "ಅಜ್ಜಿ ರೊಟ್ಟಿ ಬಡಿಯೋದನ್ನ 3 ನಿಮಿಷದಾಗ ತೋರ್ಸವ್ವ, ಮೊದಲು ಹಾಳ್ಯಾಗ ಬರಿ" ಅನ್ನಿ. ಬರೆದು, ಹಿಡಿದು, ಕತ್ತರಿಸಿ, ತಾನೇ ತೃಪ್ತಿಯಾಗದೆ ಮತ್ತೆ ಮಾಡಿದಳು ಅಂದರೆ ಅಂಥವಳಿಗೆ ಸಾಲ ಕೊಡಬಹುದು. ಒಮ್ಮೆ ತನ್ನ ಮುಖವನ್ನೇ ಹಿಡಿದುಕೊಂಡು ಮರೆತರೆ ಇನ್ನೊಂದು ವರ್ಷ ತಡೆಯಿರಿ.

ವಿದ್ಯಾರ್ಥಿಗಳು ನಿಮ್ಮ ಸಂಘಕ್ಕೇ ಬಂದರೆ

ಕಾಲೇಜಿನ ಮಕ್ಕಳು ಪ್ರಾಜೆಕ್ಟ್ ಅಂತ ಸಂಘಗಳಿಗೆ ಬರುತ್ತಾರೆ. ಬರಲಿ, ನಮ್ಮ ಮಕ್ಕಳೇ. ಆದರೆ ಯಾಕೆ ಹಿಡಿಯುತ್ತೀರಿ, ಎಲ್ಲಿ ತೋರಿಸುತ್ತೀರಿ, ಯೂಟ್ಯೂಬಿಗೆ ಹಾಕುತ್ತೀರಾ ಅಂತ ಮೊದಲೇ ಕೇಳಿ. ಬೇಡ ಅನ್ನುವ ಹಕ್ಕು ಪ್ರತಿ ಸದಸ್ಯೆಗೂ ಇದೆ, ಪ್ರತಿನಿಧಿ ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ ಅಲ್ಲ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಮುಖ, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಗುರುತು ಬಿಟ್ಟುಕೊಡುವುದೂ ಅಪರಾಧವೇ. ಹಿಂದೆ ಇದು ಭಾರತೀಯ ದಂಡ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿದೆ. ಮಕ್ಕಳಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ಹೇಳಿ.

ಬಂದವರ ಕಾಲೇಜು, ವಿಭಾಗ, ಶಿಕ್ಷಕರ ಹೆಸರು ಮತ್ತು ಫೋನ್ ನಂಬರನ್ನು ಆ ದಿನದ ನಡಾವಳಿಯಲ್ಲಿ ಬರೆಸಿ, ಅವರಿಂದ ಸಹಿ ಹಾಕಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಸಂಘದ ಸಭೆಯಲ್ಲಿ ತೋರಿಸಿ, ಒಂದು ಪ್ರತಿ ಕೊಟ್ಟು ಹೋಗಬೇಕು ಅಂತ ಅದರ ಕೆಳಗೇ ಒಂದು ಸಾಲು ಸೇರಿಸಿ.